ಮೂರು ಸಲ ಹಾಕಿದ ಸೀಲು

ಲಾರಿ ಒಂದು ಮಾರು ಮುಂದಕ್ಕೆ ಸರಿದಿತ್ತು ಅಷ್ಟೆ, ಎಡಗೈ ಎಂದೇ ಎಲ್ಲರೂ ಕರೆಯುವವನು ಜನರನ್ನು ತಳ್ಳಿಕೊಂಡು ಬಂದು ಹಿಂದಿನ ಚಕ್ರದ ಮುಂದೆ ಅಡ್ಡ ಬಿದ್ದುಬಿಟ್ಟ.

ಹೆಂಗಸರು ಕಿರುಚಿದರು. ಲಾರಿ ಕುಲುಕಿ ನಿಂತಿತು. ಹಿಂದೆ, ಹಲಗೆಯ ಮೇಲೆ ಮಲಗಿಸಿದ್ದ ಗ್ಯಾರೇಜ್ ಮೇಸ್ತ್ರಿಯ ಹೆಣ ಅರ್ಧ ಗೇಣು ಜಾರಿತು. ತಲೆಯ ಹತ್ತಿರ ಕೂತಿದ್ದ ಹೆಂಡತಿ ಅದನ್ನು ಎರಡೂ ಕೈಯಲ್ಲಿ ತಡೆದಳು. ಸುತ್ತ ನಿಂತಿದ್ದ ಮೂವತ್ತು ಜನ ಒಬ್ಬರ ಮೇಲೊಬ್ಬರು ಬಿದ್ದರು.

ಸ್ಟೀರಿಂಗ್ ಹಿಡಿದಿದ್ದವನು ಮೇಸ್ತ್ರಿಯ ಮಗ. ಬಾಗಿಲು ಒದ್ದುಕೊಂಡು ಕೆಳಗೆ ಹಾರಿದ.

“ಏಳಯ್ಯ ಮೇಲೆ!”

“ಏಳಲ್ಲ. ಈ ಗಾಡಿ ಇಳಿಜಾರಿಗೆ ಬಿಡಬೇಡ. ಚಕ್ರದ ಹಬ್ ಸೋರ್ತಾ ಇದೆ. ಟೈರಿನ ಒಳಮೈ ನೋಡು, ಎಣ್ಣೆ ಹೆಂಗೆ ಸಿಡಿದಿದೆ. ಬ್ರೇಕ್ ಪೂರ್ತಿ ನೆಂದಿರುತ್ತೆ.”

“ಹದಿನೆಂಟು ವರ್ಷ ಈ ಕಡೆ ತಲೆ ಹಾಕಿಲ್ಲ. ಇವತ್ತೇ ಸಿಕ್ತಾ ನಿಂಗೆ ನಾಟಕ ಆಡೋಕೆ?”

“ನಿಮ್ಮಮ್ಮನ್ನ ಇಳಿಸು. ಆಮೇಲೆ ನಿಮ್ಮಪ್ಪನ್ನ ಎಲ್ಲಿಗೆ ಬೇಕಾದ್ರೂ ಉರುಳಿಸ್ಕೊ.”

ಮಗ ಒದ್ದ. ಮೊದಲನೆಯದು ಪಕ್ಕೆಗೆ, ಎರಡನೆಯದು ಬಾಯಿಗೆ. ಎಡಗೈ ಚಕ್ರದ ತೂತಿನೊಳಗೆ ತನ್ನ ಎಡದ ತೋಳು ತೂರಿಸಿ ಬೀಗ ಹಾಕಿದವನಂತೆ ಬಿಗಿ ಹಿಡಿದ. ಬಲಗೈಯಿಂದ ಹಿಡಿಯಲು ಅವನಿಗೆ ಬರುತ್ತಿರಲಿಲ್ಲ. ಅದರ ನಾಲ್ಕು ಬೆರಳೂ ಒಂದೊಂದು ದಿಕ್ಕಿಗೆ ತಿರುಚಿ ಒಣಗಿದ್ದವು. ಎಡಗೈ ಎನ್ನುವ ಹೆಸರು ಬಂದದ್ದೇ ಹಾಗೆ. ಅವನು ಮೇಸ್ತ್ರಿಯ ಹೆಂಡತಿಯ ಒಡಹುಟ್ಟಿದ ತಮ್ಮ.

ಮಗ ಕೂದಲು ಹಿಡಿದು ಎಳೆದು, ತಲೆಯನ್ನು ಚಕ್ರದ ನಟ್ಟಿಗೆ ಕುಟ್ಟಿದ. ಹುಬ್ಬು ಒಡೆಯಿತು. ಟೈರು ಅಂಗಡಿಯವನು ಹಿಂದಿನಿಂದ ಬಂದು ಮಗನನ್ನು ತಬ್ಬಿ ಎತ್ತಿಕೊಂಡ.

“ಸಾಕು ಬಿಡೋ! ಒಂದೇ ಗುಂಡಿ ತೋಡಿಸಿರೋದು, ಎರಡು ಹೆಣಕ್ಕೆ ಜಾಗ ಇಲ್ಲ.”

ಯಾರೋ ನಕ್ಕರು, ಬೇಗನೆ ನಿಲ್ಲಿಸಿಕೊಂಡರು. ಟೈರು ಅಂಗಡಿಯವನು ಬಗ್ಗಿ, ಚಕ್ರದ ಒಳಮೈಗೆ ಬೆರಳು ಹಾಕಿ ಮೂಸಿದ.

“ಗೇರ್ ಆಯಿಲ್ಲೇ ಕಣೋ. ಬಿಸಿಬಿಸಿ ಇದೆ.”

“ಆಗೋಕೆ ಸಾಧ್ಯವೇ ಇಲ್ಲ,” ಎಂದ ಮಗ. “ಹೋದ ವಾರ ತಾನೆ ಅಪ್ಪ ಕೈಯಾರೆ ಎಣ್ಣೆ ತಡೆಯೋ ಹೊಸ ಸೀಲು ಹಾಕಿದ್ದು. ಎರಡು ತಿಂಗಳಲ್ಲಿ ಅದು ಮೂರನೇದು.”

ಎಡಗೈ ರಕ್ತ ಉಗಿದು ಮುಖ ಎತ್ತಿದ. “ಮೂರನೇ ಸಲಾನಾ?”

ಮೇಲಿನಿಂದ ಅಕ್ಕನ ದನಿ ಬಂತು. “ಅವನ ಮಾತು ಕೇಳಬೇಡ ಮಗ. ಒಬ್ಬ ಡ್ರೈವರ್‌ನ ನುಂಗಿದ ಕೈ ಅದು. ಎಳೆದು ಪಕ್ಕಕ್ಕೆ ಹಾಕಿ ನಡಿ.”

*

ಮೇಸ್ತ್ರಿ ಕೆಟ್ಟವನೇನಲ್ಲ, ಕೈ ಮಾತ್ರ ಮಾತಿಗಿಂತ ಮುಂದು. ಗಾಡಿ ತಿರುವಿನಲ್ಲಿ ಇರುವಾಗಲೇ ಯಾವ ಬೇರಿಂಗ್ ಸವೆದಿದೆ ಎಂದು ಸದ್ದಿನಲ್ಲೇ ಹೇಳುತ್ತಿದ್ದ. ಊಟಕ್ಕೆ ಕೂತರೆ ಉಪ್ಪು ಸಾಲದೆಂದು ತಟ್ಟೆ ಬೀಸುತ್ತಿದ್ದ. ಹತ್ತು ನಿಮಿಷ ಬಿಟ್ಟು ಅದೇ ತಟ್ಟೆ ತೊಳೆದು, “ಬಡಿಸೆ,” ಎಂದು ಬಂದು ಕೂರುತ್ತಿದ್ದ.

ಅವನಿಗೊಂದು ಶೋಕಿ ಇತ್ತು. ಆಕ್ಸಲ್ ಬಿಚ್ಚಿ ಕಟ್ಟಿದ ಮೇಲೆ ಅದರ ಹೊರಕವಚ ಹೌಸಿಂಗಿಗೆ ಬೆಳ್ಳಿ ಬಣ್ಣ ಹೊಡೆಯದೆ ಗಾಡಿ ಹೊರಗೆ ಬಿಡುತ್ತಿರಲಿಲ್ಲ. ಅಡಿಯಲ್ಲಿ ಬಗ್ಗಿ ನೋಡಿದರೆ ಪಾತ್ರೆ ಅಂಗಡಿ ಹಾಗೆ ಹೊಳೆಯಬೇಕು. “ಇದು ನನ್ನ ಸಹಿ,” ಎನ್ನುತ್ತಿದ್ದ.

ಹದಿನೆಂಟು ವರ್ಷದ ಹಿಂದೆ ಕಲ್ಲು ಹೊರುವ ಲಾರಿಯೊಂದಕ್ಕೆ ಹೀಗೇ ಮೂರು ಸಲ ಸೀಲು ಹಾಕಿದ್ದರು. ಹಾಕಿದವನು ಆಗಿನ್ನೂ ಎಡಗೈ ಆಗಿರದ ಮೈದುನ, ಬಣ್ಣ ಹೊಡೆದವನು ಮೇಸ್ತ್ರಿ. ಮೂರನೆಯ ಸಲ ಹಾಕಿದ ನಾಲ್ಕನೇ ದಿನ ಆ ಲಾರಿ ಇದೇ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಗೋಡೆಗೆ ಹೋಗಿ ಗುದ್ದಿತು. ಡ್ರೈವರ್‌ನನ್ನು ತಗಡು ಕತ್ತರಿಸಿ ಎರಡು ತುಂಡಾಗಿ ತೆಗೆದರು.

ಅದನ್ನು ಕಣ್ಣಾರೆ ನೋಡಿಕೊಂಡು ಮೇಸ್ತ್ರಿ ಗ್ಯಾರೇಜಿಗೆ ಬಂದ. ಅಂಗಳದ ತುಂಬ ಜನ.

“ಸೀಲು ಸೊಟ್ಟ ಕೂರಿಸಿದ್ದೀಯ,” ಎಂದ.

“ಇಲ್ಲ ಭಾವ. ಸೀಲು ಸರಿಯಾಗೇ ಕೂತಿತ್ತು. ಬ್ರೀದರ್ ನೋಡ್ಬೇಕಿತ್ತು. ನೀವು ಅದರ ಮೇಲೇ ಬಣ್ಣ ಹೊಡೀತೀರ…”

ಹೌಸಿಂಗಿನ ನೆತ್ತಿಯಲ್ಲಿ ಹೆಬ್ಬೆರಳಿನಷ್ಟು ಒಂದು ಟೋಪಿ ಇರುತ್ತದೆ, ಅದೇ ಬ್ರೀದರ್. ಗಾಡಿ ಓಡಿ ಒಳಗೆ ಕಾದ ಗಾಳಿ ಅದರಿಂದ ಹೊರಗೆ ಹೋಗಬೇಕು. ಅದು ಕಟ್ಟಿಕೊಂಡರೆ ಗಾಳಿ ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಸೀಲನ್ನು ದಾಟಿ ಬ್ರೇಕಿಗೆ ಇಳಿಯುತ್ತದೆ. ಆಮೇಲೆ ಚಿನ್ನದ ಸೀಲು ಹಾಕಿದರೂ ನಿಲ್ಲುವುದಿಲ್ಲ.

ಮೈದುನ ಇಷ್ಟನ್ನು ಹೇಳಿ ಮುಗಿಸಲಿಲ್ಲ. ಮೇಸ್ತ್ರಿ ಅವನ ಬಲಗೈಯನ್ನು ಎಳೆದು ಕಬ್ಬಿಣದ ಅಡಿಗಲ್ಲಿನ ಮೇಲೆ ಒತ್ತಿ ಹಿಡಿದು ಸುತ್ತಿಗೆ ಎತ್ತಿದ. ಮೂರು ಏಟಿಗೆ ಎಲುಬಿನ ಸದ್ದು ಬಂತು. ನಾಲ್ಕನೆಯದಕ್ಕೆ ಬರೀ ಕಬ್ಬಿಣದ ಸದ್ದು.

ಮನೆಗೆ ಹೋಗಿ ಹೆಂಡತಿಗೆ, “ನಿನ್ನ ತಮ್ಮ ಕುಡಿದು ಕೆಲಸ ಮಾಡಿ ಒಂದು ಜೀವ ತೆಗೆದ,” ಎಂದ. ಅವಳು ತಮ್ಮನ ಬಟ್ಟೆಯ ಗಂಟನ್ನು ಬೀದಿಗೆ ಎಸೆದು ಬಾಗಿಲು ಹಾಕಿಕೊಂಡಳು.

*

ಎಡಗೈ ಚಕ್ರ ಬಿಡಲಿಲ್ಲ. ಕೊನೆಗೆ ಟೈರು ಅಂಗಡಿಯವನೇ ಜನರನ್ನು ಇಳಿಸಿ, ಕಲ್ಲು ಅಡ್ಡ ಇಟ್ಟು, “ಗ್ಯಾರೇಜು ಎದುರಿಗೇ ಇದೆ. ಬಿಚ್ಚಿ ನೋಡೋದಕ್ಕೆ ಏನು ರೋಗ?” ಎಂದು ಜಾಕಿ ತಂದ. ಹೆಣ ಮೇಲೆಯೇ ಉಳಿಯಿತು. ಹೆಂಡತಿಯೂ ಇಳಿಯಲಿಲ್ಲ.

ಬಂದವರು ನೆರಳು ಹುಡುಕಿ ಕೂತರು.

“ಮೇಸ್ತ್ರಿ ನಂಗೆ ಇಲ್ಲಿ ಬಿಟ್ಟಿದ್ದ,” ಎಂದು ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿಯುವ ಕಮ್ಮಾರ ದವಡೆ ತೋರಿಸಿದ. “ಎರಡು ಹಲ್ಲು. ಸಾಯಂಕಾಲ ಬಂದು ಹಲ್ಲಿನ ಡಾಕ್ಟರ್ ಹತ್ರ ತಾನೇ ಕರ್ಕೊಂಡು ಹೋದ ಪುಣ್ಯಾತ್ಮ.”

“ನಿಂಗೆ ಡಾಕ್ಟರಾದ್ರೂ ಸಿಕ್ಕಿದ. ನನ್ನ ಬೆನ್ನಿಗೆ ಫ್ಯಾನ್ ಬೆಲ್ಟಲ್ಲಿ ಹೊಡೆದು, ಬೆಲ್ಟ್ ಹಾಳಾಯ್ತು ಅಂತ ನನ್ನೇ ಬೈದ.”

“ಅವನ ಏಟು ತಿಂದವರನ್ನೆಲ್ಲ ಸಾವಿಗೆ ಕರೆದಿದ್ದಾರೆ ನೋಡು. ಅದಕ್ಕೇ ಇಷ್ಟು ಜನ.”

ಮಗ ವೀಲ್ ಪಾನಾ ಹಾಕಿ ನಟ್ಟುಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ. ಎಡಗೈ ಚಕ್ರದ ಕಡೆ ತಿರುಗಿಯೂ ನೋಡಲಿಲ್ಲ. ಬೆನ್ನ ಮೇಲೆ ತೆವಳಿಕೊಂಡು ಲಾರಿಯ ಅಡಿಗೆ ಹೋದ.

“ಅಲ್ಲೇನು ಕಡಿದು ಗುಡ್ಡೆ ಹಾಕ್ತೀಯ? ಸೀಲು ಇರೋದು ಇಲ್ಲಿ.”

“ಒಂದು ಸ್ಕ್ರೂಡ್ರೈವರ್, ಒಂದು ಪಾನಾ ಕೊಡು.”

ಮಗ ಎರಡನ್ನೂ ಅವನ ಎದೆಯ ಮೇಲೆ ಬೀಳುವಂತೆ ಎಸೆದ. ಎಡಗೈ ಕೆರೆಯತೊಡಗಿದ. ಬೆಳ್ಳಿ ಬಣ್ಣ ಚಕ್ಕೆಚಕ್ಕೆಯಾಗಿ ಅವನ ಮುಖದ ರಕ್ತಕ್ಕೆ ಅಂಟಿತು. ಒಂದು ಪದರ, ಅದರ ಕೆಳಗೆ ಇನ್ನೊಂದು. ಕೊನೆಗೆ ಬ್ರೀದರ್ ಟೋಪಿಗೆ ಪಾನಾ ಕೊಟ್ಟು ಕಾಲು ಸುತ್ತು ತಿರುಗಿಸಿದ.

ಬುಸ್ಸೆಂದು ಗಾಳಿ ಹೊರಟಿತು. ಬೆಳಿಗ್ಗೆಯಿಂದ ಎರಡು ಸಲ ನೆಂಟರನ್ನು ಹೇರಿಕೊಂಡು ಏರು ಹತ್ತಿದ್ದ ಗಾಡಿ, ಒಳಗೆ ಕೊತಕೊತ ಕಾದಿತ್ತು. ನೆರಳಿನಲ್ಲಿ ಕೂತವರಿಗೂ ಆ ಸದ್ದು ಕೇಳಿಸಿತು. ನಿಲ್ಲಲಿಕ್ಕೆ ಅದು ಬಹಳ ಹೊತ್ತು ತೆಗೆದುಕೊಂಡಿತು.

ಮಗ ಪಾನಾ ಬಿಟ್ಟು ಅಡಿಗೆ ಬಗ್ಗಿ ನೋಡಿದ. ಅವನೂ ಅದೇ ಕಸುಬಿನವನು, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಅಮ್ಮ,” ಎಂದ. “ಇದನ್ನ ಮುಚ್ಚಿದ್ದು ಅಪ್ಪಾನೇ. ಬಣ್ಣ ಹೊಡೆದು ಮುಚ್ಚಿದ್ದಾರೆ. ಸೀಲಿನ ತಪ್ಪಲ್ಲ.”

ಹೆಂಡತಿ ಮೇಲಿನಿಂದ ಬಗ್ಗಿದಳು. “ಅವತ್ತು?”

ಎಡಗೈ ಅಡಿಯಿಂದ ತೆವಳಿಕೊಂಡು ಬಂದು ಕೂತ.

“ನಿನ್ನೇ ಕೇಳ್ತಿರೋದು. ಅವತ್ತೂ ಇದೇನಾ?”

“ಹೇಳಿದ್ದೆ ಅಕ್ಕ. ಹೇಳಿದ್ದಕ್ಕೇ ಬಿತ್ತು.”

“ನಂಗ್ಯಾಕೆ ಹೇಳಲಿಲ್ಲ?”

“ನೀನು ಬಾಗಿಲು ತೆಗೀಲಿಲ್ಲ.”

ಮಗ ನೆಂದ ಬ್ರೇಕ್ ಲೈನರ್ ಕಿತ್ತು ಅಂಗಳದ ಗೋಡೆಗೆ ಎಸೆದ. ಒಂದಾದ ಮೇಲೊಂದು, ಇನ್ನು ಎಸೆಯಲು ಏನೂ ಉಳಿಯದ ತನಕ. ಆಮೇಲೆ ಒಳಗೆ ಹೋಗಿ ಬೇರೆಯವು ತಂದ, ಹೊಸ ಸೀಲು ತಂದ. ಸುತ್ತಿಗೆಯಲ್ಲಿ ಒಂದೇ ಏಟು ಕೊಟ್ಟ, ಸೀಲು ಓರೆಯಾಯಿತು.

“ಸುತ್ತಿಗೆ ನೇರ ಬಿಡಬೇಡ,” ಎಂದ ಎಡಗೈ. “ಹಲಗೆ ತುಂಡು ಇಟ್ಟು ಸುತ್ತಲೂ ತಟ್ಟು. ಮೆಲ್ಲಗೆ.”

“ಹಿಂಗಾ ಮಾವ?”

“ಹ್ಞೂಂ. ಹಂಗೇ.”

ಒಂದೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ಯಾವಾಗಲೋ ಹೆಂಡತಿ ಕೆಳಗಿಳಿದಿದ್ದಳು. ಎಣ್ಣೆಯಲ್ಲಿ ಮಿಂದು ಕೂತಿದ್ದ ತಮ್ಮನ ಮುಂದೆ ನಿಂತಳು. ಅವನು ಬಲಗೈಯನ್ನು ಬೆನ್ನ ಹಿಂದೆ ಸರಿಸಿದ. ಅವಳು ಅದನ್ನು ಎಳೆದುಕೊಂಡು ತನ್ನ ಅಂಗೈ ಮೇಲಿಟ್ಟು, ಬೀನ್ಸನ್ನು ಮುರಿಯುವ ಮೊದಲು ಎಳೆಯದೋ ಬಲಿತದ್ದೋ ಎಂದು ನೋಡುವ ಹಾಗೆ, ಬೆರಳು ಬೆರಳಾಗಿ ಮುಟ್ಟಿ ನೋಡಿದಳು. ಅಳಲಿಲ್ಲ.

ಲಾರಿ ಹತ್ತಿದಳು. ಗಂಡನ ಮುಖದ ಬಟ್ಟೆ ಸರಿಸಿದಳು. ಬೆಳಿಗ್ಗೆ ಅವಳೇ ಉಜ್ಜಿ ತೊಳೆದಿದ್ದ ಮುಖ. ಕೈ ಎತ್ತಿ ಕೆನ್ನೆಗೆ ಬಾರಿಸಿದಳು. ಅಂಗಳದಲ್ಲೆಲ್ಲ ಕೇಳುವಂತೆ ಬಾರಿಸಿದಳು.

“ಅಯ್ಯೋ, ಸತ್ತವರಿಗೆ!” ಎಂದು ಒಬ್ಬಾಕೆ ಬಾಯಿಗೆ ಸೆರಗು ಇಟ್ಟುಕೊಂಡಳು.

“ಬದುಕಿದ್ದಾಗ ಕೈ ಎತ್ತೋಕೆ ಬಿಟ್ಟಿದ್ನಾ?” ಎಂದಳು ಹೆಂಡತಿ.

ಟೈರು ಅಂಗಡಿಯವನು ಹೆಣದ ಕೆನ್ನೆಗೆ ಮೆತ್ತಿದ ಎಣ್ಣೆ ಒರೆಸಲೆಂದು ತನ್ನ ಟವೆಲು ಚಾಚಿದ. ಅವಳು ಅವನ ಕೈ ತಳ್ಳಿ ತನ್ನ ಜಾಗದಲ್ಲಿ ಕೂತಳು. ಯಾರಿಗೂ ಮುಂದೆ ಬರಲು ಧೈರ್ಯವಾಗಲಿಲ್ಲ. ಕೊನೆಗೆ ಎಡಗೈಯೇ ಹಿಂದಿನಿಂದ ಹತ್ತಿಕೊಂಡು ಬಂದು, ಭಾವನ ಮುಖದ ಮೇಲೆ ಬಟ್ಟೆ ಎಳೆದು, ನಾಲ್ಕೂ ಮೂಲೆ ಸರಿಮಾಡಿ, ಅಕ್ಕನ ಪಕ್ಕ ಕೂತ.

ಮಗ ಗಾಡಿ ಬಿಟ್ಟ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಎಲ್ಲರೂ ಕೆಳಗೆ, ಹಲಗೆಯ ಕಡೆ ನೋಡುತ್ತಿದ್ದರು. ಬಿಳಿ ಬಟ್ಟೆಯ ಮೇಲೆ, ಕೆನ್ನೆ ಇದ್ದ ಕಡೆ, ಎಣ್ಣೆ ಮೊದಲು ಒಂದು ಚುಕ್ಕೆಯಾಗಿ ಊರಿತು, ಆಮೇಲೆ ಹೆಬ್ಬೆರಳಾಯಿತು. ಇಳಿಜಾರಿನ ಬುಡ ಮುಟ್ಟುವ ಹೊತ್ತಿಗೆ ಐದೂ ಬೆರಳು ಕಪ್ಪಗೆ, ಅಗಲವಾಗಿ, ಬಿಡಿಬಿಡಿಯಾಗಿ ಮೂಡಿದ್ದವು.