ಮುಚ್ಚದೆ ಉಳಿದ ಗೀರು

ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದವಳು ಮತ್ತೆ ಇಟ್ಟಳು. ಮತ್ತೆ ತೆಗೆದಳು. ಆರನೆಯ ತಟ್ಟೆಯಲ್ಲೂ ಗೀರು ಮುಚ್ಚಿರಲಿಲ್ಲ.

ಮುಚ್ಚಬೇಕಿತ್ತು. ತಟ್ಟೆಯ ತಳದಲ್ಲಿ ಒತ್ತೊತ್ತಾಗಿ ಬೆಳೆದ ಕ್ಯಾನ್ಸರ್ ಕೋಶಗಳ ನಡುವೆ ಒಂದು ಗೀರು ಎಳೆದರೆ, ಅವು ಎರಡೂ ದಡದಿಂದ ತೆವಳಿ ಬಂದು ಒಂದೇ ದಿನದಲ್ಲಿ ಆ ಖಾಲಿ ಜಾಗವನ್ನು ತುಂಬಿಬಿಡುತ್ತವೆ. ಹೋದ ವಾರ, ಈರುಳ್ಳಿ ಸಿಪ್ಪೆಯಿಂದ ತೆಗೆದ ಫ್ಲೇವನಾಯ್ಡ್ ಎಂಬ ಸಸ್ಯಸಾರ ಹಾಕಿದ ತಟ್ಟೆಗಳಲ್ಲಿ ಅವು ತೆವಳದೆ ನಿಂತಿದ್ದವು. ಎಂದೂ ತುಟಿ ಬಿಚ್ಚದವಳು ಅಂದು ಮನೆಗೆ ಹೋಗಿ ಚಿಕ್ಕಮ್ಮನ ಮುಂದೆ ಬಾಯ್ತುಂಬ ಹೇಳಿದ್ದಳು. ಆದರೆ ಇಂದಿನ ಆರನೆಯ ತಟ್ಟೆಯಲ್ಲಿ ಫ್ಲೇವನಾಯ್ಡ್ ಇರಲೇ ಇಲ್ಲ. ಅದನ್ನು ಕರಗಿಸುವ ದ್ರಾವಕವನ್ನಷ್ಟೇ ಹಾಕಿದ್ದಳು. ಹೋದ ಸಲದ ಅವಸರದಲ್ಲಿ ಇಂಥದೊಂದು ತಟ್ಟೆಯನ್ನು ಇಡುವುದನ್ನೇ ಮರೆತಿದ್ದಳು.

ಪಕ್ಕದ ಮೇಜಿನ ಹಿರಿಯ ಸಂಶೋಧಕಿ ಬಗ್ಗಿ ನೋಡಿದರು. "ದ್ರಾವಕ ಜಾಸ್ತಿ ಸುರಿದಿದೀಯ ಕಣಮ್ಮ. ಕೋಶಗಳಿಗೆ ಅಮಲೇರಿದೆ, ಅಷ್ಟೆ. ಪಾಪ, ಈರುಳ್ಳಿಯನ್ನ ಸುಮ್ಮನೆ ಹೊಗಳಿದೆ. ಮೊದಲಿಂದ ಮಾಡು."

ಇವಳು ಮೊದಲಿಂದ ಮಾಡಬಹುದು. ಚಿಕ್ಕಮ್ಮ? ಆಸ್ಪತ್ರೆಯಲ್ಲಿ ಚಿಕ್ಕಮ್ಮನಿಗೆ ಮೂರನೆಯ ಸಲದ ಕ್ಯಾನ್ಸರ್ ಔಷಧಿ ಏರಿಸುವುದು ಇಂದು ಹನ್ನೊಂದಕ್ಕೆ. "ನಾನು ಹೋಗಲ್ಲ, ನಿನ್ನ ಸಿಪ್ಪೆನೇ ಸಾಕು" ಎಂದು ಬೆಳಿಗ್ಗೆಯೇ ಸಿಪ್ಪೆ ಕುದಿಸಲು ಪಾತ್ರೆಯನ್ನು ಒಲೆಗೇರಿಸಿದ್ದಳು.

ಮನೆಗೆ ಹೊರಟ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಕಂಬಿ ಹಿಡಿದು, ಹೇಳಬೇಕಾದ ಮಾತನ್ನು ಕಟ್ಟಿದಳು, ಬಿಚ್ಚಿದಳು. ನಿಲ್ದಾಣಕ್ಕೆ ಮುಂಚೆಯೇ ಬಾಗಿಲಿಗೆ ಬಂದು ನಿಂತಳು.

ಬೋಳಾದ ತಲೆಗೆ ಬಟ್ಟೆ ಸುತ್ತಿಕೊಂಡ ಚಿಕ್ಕಮ್ಮ ಕೆಂಪು ನೀರು ಸೋಸುತ್ತಿದ್ದಳು.

"ಏನೇ ಗುಮ್ಮನಗುಸುಕಿ, ಲ್ಯಾಬಿಗೆ ಬೆಂಕಿ ಬಿತ್ತಾ?"

"ಆಸ್ಪತ್ರೆಗೆ ಹೊರಡು ಚಿಕ್ಕಮ್ಮ."

"ಕೋಶಗಳು ನಿಂತುಬಿಟ್ವು ಅಂತ ಕುಣಿದವಳು ನೀನೇ ತಾನೆ? ಅವರ ಔಷಧಿಗೆ ಕೂದಲು ಹೋಯ್ತು. ಇದಕ್ಕೆ ಬಾಯಿ ನಾರುತ್ತೆ, ಅಷ್ಟೇ."

"ನಾನು ತಪ್ಪು ಮಾಡಿದೆ. ಅವನ್ನ ನಿಲ್ಲಿಸಿದ್ದು ಸಿಪ್ಪೆ ಅಲ್ಲ, ನಾನು ಅಳತೆ ಮೀರಿ ಹಾಕಿದ ದ್ರಾವಕ."

ಸೋಸುವ ಕೈ ನಿಂತಿತು. "ಅಂದ್ರೆ ಸಿಪ್ಪೆಯಲ್ಲಿ ಏನೂ ಇಲ್ವಾ?"

ಇಲ್ಲ ಎಂದುಬಿಟ್ಟರೆ ಸುಲಭವಿತ್ತು. ನಾಲಿಗೆಯ ತುದಿಗೂ ಬಂತು.

"ಗೊತ್ತಿಲ್ಲ. ಇರಬಹುದು. ತಿಳಿಯೋಕೆ ವರ್ಷಗಟ್ಟಲೆ ಬೇಕು. ತಟ್ಟೆಯಲ್ಲಿ ನಿಂತಿದ್ದು ಮೈಯಲ್ಲೂ ನಿಲ್ಲುತ್ತೆ ಅಂತಾನೂ ಇಲ್ಲ. ನನಗೆ ವರ್ಷಗಳಿವೆ ಚಿಕ್ಕಮ್ಮ. ನಿನಗೆ ಹನ್ನೊಂದು ಗಂಟೆವರೆಗೆ ಮಾತ್ರ."

ಚಿಕ್ಕಮ್ಮ ಗೋಡೆಯತ್ತ ತಿರುಗಿದಳು. ಗಡಿಯಾರದ ಮುಳ್ಳು ಹತ್ತೂಕಾಲು ದಾಟಿತ್ತು.

"ಒಂದು ವಾರ ಮೂಗು ಹಿಡ್ಕೊಂಡು ಕುಡಿದೆನಲ್ಲೇ, ಮನೆಹಾಳಿ!" ಎಂದವಳೇ ಒಲೆ ಆರಿಸಿದಳು. "ಚಪ್ಪಲಿ ತಾ. ಸೂಜಿ ಚುಚ್ಚೋವಾಗ ನೀನು ಪಕ್ಕದಲ್ಲಿರಬೇಕು. ಬಾಯಿ ಹೊಲ್ಕೊಂಡಲ್ಲ, ಮಾತಾಡ್ತಾ."

"ಏನು ಮಾತಾಡ್ಲಿ?"

"ನಿನ್ನ ತಪ್ಪಿನ ಕತೆಯನ್ನೇ ಹೇಳು," ಎಂದು ಚಿಕ್ಕಮ್ಮ ಅವಳ ತೋಳು ಹಿಡಿದು ಮೆಟ್ಟಿಲಿಳಿದಳು. "ಮೊದಲಿಂದ."