ಅಕ್ಕನ ಕೆಮ್ಮು ತೊಟ್ಟಿಲಿಗೆ ಬಂದಾಗ

ಕುಂತೂರಿನ ಪುಟ್ಟಮಲ್ಲಪ್ಪನ ಮಗಳು ಭವ್ಯಳಿಗೆ ಕೆಮ್ಮು ಹತ್ತಿ ಎರಡು ವಾರವಾಗಿತ್ತು. ಮಕ್ಕಳಿಗೆ ಕೆಮ್ಮು ಬರುವುದು ಹೊಸದಲ್ಲ. ಕಬ್ಬಿನ ತರಗು ಸುಡುವ ಕಾಲದಲ್ಲಂತೂ ಊರಿಗೆ ಊರೇ ಕೆಮ್ಮುತ್ತದೆ. ಆದರೆ ನಾಲ್ಕು ವರ್ಷದ ಈ ಹುಡುಗಿ ಒಂದೇ ಸಮನೆ ಕೆಮ್ಮಿ, ಕೊನೆಗೆ ಕೂಗಿದಂತೆ ಉಸಿರೆಳೆದು, ಉಂಡದ್ದನ್ನೆಲ್ಲ ಕಾರಿಕೊಳ್ಳುತ್ತಿದ್ದಳು. ಇದು ನಾಯಿಕೆಮ್ಮು ಎಂದು ಬೀದಿಯವರೇ ಹೇಳಿದರು. ಪುಟ್ಟಮಲ್ಲಪ್ಪ ಕತ್ತೆ ಹಾಲು ತರಿಸಿ ಕುಡಿಸಿದ. ಇನ್ನು ಮೂರೇ ದಿನಕ್ಕೆ ವಾಸಿ ಎಂದು ಗದ್ದೆಗೆ ನಡೆದ.

ಮನೆಯಲ್ಲಿ ತೊಟ್ಟಿಲ ಕೂಸೂ ಇತ್ತು. ಅದಕ್ಕೆ ಇನ್ನೂ ಒಂದೂವರೆ ತಿಂಗಳು ತುಂಬಿರಲಿಲ್ಲ. ಭವ್ಯಳಿಗೆ ತಮ್ಮನೆಂದರೆ ಪ್ರಾಣ. ಕೆಮ್ಮು ನಿಂತ ಕೂಡಲೇ ಓಡಿಹೋಗಿ ಅವನ ಕೆನ್ನೆಗೆ ಮುತ್ತು ಕೊಡುತ್ತಿದ್ದಳು. ತಾಯಿ ಶಿವರತ್ನಮ್ಮ ಅದನ್ನು ನೋಡಿ ಹಿಗ್ಗುತ್ತಿದ್ದಳು. ಪಾಪ, ಅವಳಿಗೇನು ಗೊತ್ತು.

ಬಾಣಂತಿಯನ್ನು ನೋಡಲು ಬಂದ ನರ್ಸ್ ಗೋವಿಂದಮ್ಮ ಆ ಕೆಮ್ಮು ಕೇಳಿ ಹೊಸ್ತಿಲಲ್ಲೇ ನಿಂತರು. ಭವ್ಯಳ ಲಸಿಕೆ ಕಾರ್ಡು ತರಿಸಿ ನೋಡಿದರೆ, ಮೊದಲ ಮೂರು ಸೂಜಿಯ ಮನೆಗಳು ತುಂಬಿದ್ದವು. ಒಂದೂವರೆ ವರ್ಷದ ಬೂಸ್ಟರ್ ಮನೆ ಖಾಲಿ. ಅಷ್ಟರಲ್ಲಿ ಪುಟ್ಟಮಲ್ಲಪ್ಪ ಊಟಕ್ಕೆ ಬಂದ.

ಬೂಸ್ಟರ್ ಹಾಕಿಸದಿದ್ದಕ್ಕೆ ಅವನ ಬಳಿ ಕಾರಣವಿತ್ತು. ಸೂಜಿ ಹಾಕುವ ಗುರುವಾರವೇ ಸಕ್ಕರೆ ಕಾರ್ಖಾನೆಯಿಂದ ಕಬ್ಬು ಕಟಾವಿನ ಆರ್ಡರ್ ಬಂದಿತ್ತು. ಹೇಳಿದ ದಿನ ಕಡಿಯದಿದ್ದರೆ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಸೂಜಿಯಿಂದ ಮಗುವಿಗೆ ಜ್ವರ ಬಂದರೆ ಶಿವರತ್ನಮ್ಮ ಗದ್ದೆಗೆ ಬರುವಂತಿಲ್ಲ. ಕಟಾವು ಮುಗಿಯಲಿ ಎಂದಿದ್ದ. ಕಟಾವು ಮುಗಿಯಿತು, ಬೂಸ್ಟರ್ ಮರೆತೇ ಹೋಯಿತು. ಆರ್ಡರ್ ಬಂತೆಂದರೆ ಮದುವೆಯನ್ನೇ ಮುಂದೂಡುವ ಜನ ನಾವು, ಸೂಜಿ ಯಾವ ಲೆಕ್ಕ?

"ಮೂರು ಸೂಜಿ ಆಕ್ಸಿವ್ನಲ್ಲ ನರ್ಸಮ್ಮ. ಅದೇ ಸೂಜೀನ ಎಷ್ಟ್ ಸಲ ಚುಚ್ಚೋದು?" ಎಂದ.

"ಮೊದಲ್ನೇ ಬೆಳೆಗೆ ಗೊಬ್ಬರ ಆಕಿದ್ರಲ್ಲ, ಕಡ್ದ ಮೇಲೆ ಬರೋ ಕೂಳೆಗೆ ಯಾಕ್ ಮತ್ತೆ ಆಕ್ತೀರಿ?"

"ಆಕ್ದೆ ಇದ್ರೆ ಕೂಳೆ ಮೇಲೇಳ್ತದಾ? ಮೊದಲಿನ ಸತ್ವ ಎಲ್ಲುಳ್ದಿರ್ತದೆ?"

"ಮೈಗೂ ಅಷ್ಟೇ ಕಣಪ್ಪ. ಮೊದಲಿನ ಸೂಜಿ ಸಕ್ತಿ ಬರ್‍ತಾ ಬರ್‍ತಾ ಇಳೀತದೆ. ಅದನ್ನ ಮತ್ತೆ ಏರ್ಸಕ್ಕೇ ಬೂಸ್ಟರು."

ಗೋವಿಂದಮ್ಮ ಕೈ ತೊಳೆದು ತೊಟ್ಟಿಲ ಬಳಿ ಹೋದರು. ಕೂಸು ಕೆಮ್ಮುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅವರು ಅದನ್ನೆತ್ತಿ ಬೆನ್ನುಜ್ಜಿದ ಮೇಲೆ ಒಮ್ಮೆ ಉಸಿರೆಳೆದು ಕ್ಷೀಣವಾಗಿ ಅತ್ತಿತು. ನಾಯಿಕೆಮ್ಮು ಹತ್ತಿದರೆ ಇಷ್ಟು ಎಳೆಯ ಮಕ್ಕಳಿಗೆ ಕೆಮ್ಮಲೂ ತ್ರಾಣವಿರದೆ ಉಸಿರೇ ನಿಂತುಬಿಡುತ್ತದೆ ಎಂದರು. ಪಕ್ಕದ ಮನೆಯ ಟೆಂಪೊದಲ್ಲಿ ಎಲ್ಲರೂ ಕೊಳ್ಳೇಗಾಲದ ಆಸ್ಪತ್ರೆಗೆ ಹೋದರು.

ಎಂಟು ದಿನ ಕೂಸಿಗೆ ಆಮ್ಲಜನಕ ಕೊಟ್ಟರು. ಭವ್ಯಳಿಗೂ ಔಷಧಿಯಾಯಿತು. ನಾಯಿಕೆಮ್ಮಿನ ಲಸಿಕೆ ಶುರುವಾಗುವುದೇ ಒಂದೂವರೆ ತಿಂಗಳಿಗೆ, ಅಲ್ಲಿಯವರೆಗೆ ಮನೆಯವರಿಗೆ ರೋಗ ಬಾರದಿರುವುದೇ ಕೂಸಿಗೆ ದೊಡ್ಡ ರಕ್ಷಣೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಭವ್ಯಳನ್ನು ಕೂಸಿನ ಹತ್ತಿರ ಬಿಡಲಿಲ್ಲ. ಅವಳು ಅಪ್ಪನ ಜೊತೆ ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತಿದ್ದಳು. ಯಾರ ಮಾತು ಕಿವಿಗೆ ಬಿದ್ದಿತ್ತೋ, ಒಂದು ಸಂಜೆ ಕೇಳಿದಳು.

"ಅಪ್ಪಾಜಿ, ನಾನು ಮುತ್ತು ಕೊಟ್ಟಿದ್ಕಾ ತಮ್ಮನ್ಗೆ ಇಂಗಾಗಿರೋದು?"

ಕಾರ್ಖಾನೆಯ ಕಬ್ಬು ತೂಗುವ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುವ ಪುಟ್ಟಮಲ್ಲಪ್ಪ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ನಿನ್ನಿಂದಲ್ಲ ಕಣವ್ವ. ನಿಂಗೆ ಸೂಜಿ ಆಕ್ಸದೆ ಬಿಟ್ಟೋನು ನಾನು," ಎಂದು ಅತ್ತುಬಿಟ್ಟ.

ಕೂಸು ಉಳಿಯಿತು. ಚೇತರಿಸಿಕೊಂಡ ಮೇಲೆ ಅದಕ್ಕೆ ಮೊದಲ ಸೂಜಿ ಹಾಕಿಸಲು ಪುಟ್ಟಮಲ್ಲಪ್ಪನೇ ಎತ್ತಿಕೊಂಡು ಹೋದ. ಭವ್ಯಳಿಗೆ ತಪ್ಪಿದ ಬೂಸ್ಟರಿಗೆ ಏನು ಮಾಡಬೇಕೆಂದೂ, ಐದು ವರ್ಷಕ್ಕೆ ಹಾಕಿಸಬೇಕಾದ ಸೂಜಿಯ ದಿನವನ್ನೂ ಕೇಳಿಕೊಂಡು ಬಂದ.

ಅಣ್ಣಂದಿರೇ, ಅಕ್ಕಂದಿರೇ, ಈ ಕಥೆ ಓದಿದವರು ಈಗಲೇ ಎದ್ದು ನಿಮ್ಮ ಮಕ್ಕಳ ಕಾರ್ಡು ತೆಗೆದು ನೋಡಿ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಈ ಮೂರಕ್ಕೂ ಮೊದಲ ಸೂಜಿಗಳಷ್ಟೇ ಸಾಲವು. ಒಂದೂವರೆ ವರ್ಷಕ್ಕೆ ಬೂಸ್ಟರ್, ಐದಕ್ಕೆ ಇನ್ನೊಂದು, ಹತ್ತಕ್ಕೂ ಹದಿನಾರಕ್ಕೂ ಧನುರ್ವಾಯು, ಗಂಟಲುಮಾರಿ ಎರಡಕ್ಕೂ ಸೇರಿದ ಸೂಜಿ ಬೇಕು. ಸೂಜಿಯಿಂದ ಬರುವ ಜ್ವರ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಇಳಿಯುತ್ತದೆ. ದಿನ ತಪ್ಪಿದ್ದರೆ ಸಂಕೋಚಪಡದೆ ನರ್ಸಮ್ಮನನ್ನು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೇಳುವುದಿಲ್ಲ. ಪುಟ್ಟಮಲ್ಲಪ್ಪನ ಕೂಸು ಉಳಿಯಿತು ನಿಜ, ಆದರೆ ಎಲ್ಲ ಕೂಸುಗಳೂ ಉಳಿಯುವುದಿಲ್ಲ.