ಹಾಡಿನ ತಳದಲ್ಲಿ ಮಗಳು

ಬೀದಿಯವರೆಲ್ಲ ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದ ಆಕೆಗೆ ಹಾಡಿನ ಹುಚ್ಚೇನೂ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ನಿಂತು ಕಂಡವರ ಅಂಗಿಗಳ ಸುಕ್ಕು ಬಿಡಿಸುವವಳಿಗೆ ಹಾಡೆಂದರೆ ಪಕ್ಕದ ಕ್ಷೌರದಂಗಡಿಯಿಂದ ತೇಲಿಬಂದಷ್ಟೇ. ಅಂಥವಳು ಆ ಶನಿವಾರ ಮಧ್ಯಾಹ್ನವೇ ಅಂಗಡಿ ಮುಚ್ಚಿ, ಹೆಡ್‌ಫೋನ್ ಕೊಳ್ಳಲು ಹೊರಟಳು. ಕಾರಣ ಕೇಳಿ ನಗಬೇಡಿ. ಅವಳಿಗೆ ತನ್ನ ಮಗಳು ಕೇಳಿಸಬೇಕಾಗಿತ್ತು.

ಕಿರಿಯ ಮಗಳು ಒಂದು ವಾದ್ಯತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದಳು. ನಾಲ್ಕೇ ತಂತಿ, ನಾಲ್ಕೂ ದಪ್ಪ, ದನಿಯೂ ಅಷ್ಟೇ ದಪ್ಪ. ತಂಡದ ಮೊದಲ ಹಾಡು ಮೊಬೈಲಿಗೆ ಬಂದ ದಿನ ಮನೆಮಂದಿಯೆಲ್ಲ ಊಟದ ಮೇಜಿನ ಸುತ್ತ ಸೇರಿ, ಫೋನನ್ನು ನಡುವೆ ಇಟ್ಟುಕೊಂಡು ಕೇಳಿದರು. ಹಾಡುವ ಹುಡುಗಿ ಕೇಳಿಸಿದಳು, ಡ್ರಮ್ಮು ಟಿಕಟಿಕ ಎಂದಿತು, ಇವರ ಮಗಳು ಮಾತ್ರ ನಾಪತ್ತೆ. ದೊಡ್ಡ ಅಳಿಯನಿಗೆ ಬಾಯಿ ಮುಚ್ಚಿಕೊಂಡಿರುವುದು ಹುಟ್ಟಿನಿಂದಲೇ ಗೊತ್ತಿಲ್ಲ.

"ಏನಮ್ಮಾ ನಾದಿನಿ, ನಿಂದು ಮೌನವ್ರತಾನಾ? ಫೋಟೋಕ್ಕೆ ಮಾತ್ರ ನಿಂತ್ಕೊಂಡಿದ್ಯಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಸ್ತ್ರಿಯಮ್ಮನೂ ನಕ್ಕಳು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಬೇಸ್ ಬರುವುದೇ ಇಲ್ಲ, ಒಳ್ಳೆ ಹೆಡ್‌ಫೋನ್ ಬೇಕು ಎಂದು ಮಗಳು ಹೇಳಿದ್ದು ಆ ನಗೆಯಲ್ಲಿ ಕೊಚ್ಚಿಹೋಯಿತು. ಅಳಿಯನ ನಗೆಯನ್ನು ಮಗಳು ಕೊಡವಿಕೊಂಡಾಳು. ಅಮ್ಮನದು ನಾಟಿತು.

"ಭಾನುವಾರ ತಂಡದವರಿಗೆ ಹೇಳ್ಬಿಡ್ತೀನಮ್ಮ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ. ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದಳು ಮಾರನೆಯ ದಿನ. ದನಿಯಲ್ಲಿ ಸಿಟ್ಟು ಇದ್ದಿದ್ದರೆ ಇಸ್ತ್ರಿಯಮ್ಮ ಎರಡು ಬೈದು ಸುಮ್ಮನಾಗುತ್ತಿದ್ದಳೇನೋ. ಸಿಟ್ಟೇ ಇರಲಿಲ್ಲ. ಅದಕ್ಕೇ ನಗೆಯಲ್ಲಿ ಕೊಚ್ಚಿಹೋಗಿದ್ದ ಹೆಡ್‌ಫೋನಿನ ಮಾತನ್ನು ಅವಳು ಹೆಕ್ಕಿಕೊಂಡಳು.

ದೊಡ್ಡ ಅಂಗಡಿಗೆ ಹೋಗುವುದಲ್ಲವೇ, ನಾಲ್ಕು ಜನ ನೋಡುತ್ತಾರೆ ಎಂದು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಕಿವಿಗೆ ಅಗಲವಾದ ಓಲೆ ಹಾಕಿಕೊಂಡು ಹೋದಳು. ಅಂಗಡಿಯ ಗೋಡೆಗಳ ತುಂಬ ಹೆಡ್‌ಫೋನುಗಳು ನೇತಾಡುತ್ತಿದ್ದವು. ಮಾರುವವನು ಕಡ್ಡಿಯಂತಿದ್ದ, ಮಾತು ಮಾತ್ರ ಧಾರಾಳ.

"ಎಷ್ಟರೊಳಗೆ ತೋರಿಸ್ಲಿ ಅಮ್ಮಾ?"

"ಕೈ ಚಿಕ್ಕದು ಕಣಪ್ಪ, ಆಸೆ ದೊಡ್ಡದು. ನಡುವೆ ಎಲ್ಲಾದ್ರೂ ನೋಡು. ಬೇಸ್ ಚೆನ್ನಾಗಿರ್ಬೇಕು. ಮಡಚಿ ಚೀಲಕ್ಕೆ ಹಾಕ್ಕೊಳ್ಳೋ ಹಾಗಿರ್ಬೇಕು."

ಅವನು ಅಂಗಡಿಯ ಹಾಡು ಹಾಕಲು ಹೋದ. ಅವಳು ತಡೆದು ತನ್ನ ಫೋನು ಮುಂದೆ ಹಿಡಿದಳು.

"ಈ ಹಾಡಲ್ಲಿ ನನ್ನ ಮಗಳಿದ್ದಾಳೆ. ಹುಡುಕಿಕೊಡು."

ಮೊದಲನೆಯದನ್ನು ಕೊಡುವಾಗ, "ಇದು ಹಾಕ್ಕೊಂಡ್ರೆ ಎದೆ ಗಡಗಡ ಅನ್ನುತ್ತೆ" ಎಂದ. ಅಂದಿತು ಕೂಡ. ಆದರೆ ಡ್ರಮ್ಮು ಯಾವುದು, ಮಗಳು ಯಾರು, ಒಂದೂ ತಿಳಿಯಲಿಲ್ಲ. ಎಲ್ಲ ಸೇರಿ ಮೇಲಿನ ಮನೆಯಲ್ಲಿ ಬೀರು ಎಳೆದಂತೆ ಕೇಳಿಸಿತು.

"ಇದರಲ್ಲಿ ನನ್ನ ಮಗಳ ಗಿಟಾರೂ ಒಂದೇ, ಅಳಿಯನ ಗೊರಕೆಯೂ ಒಂದೇ. ಬೇರೆ ಕೊಡಪ್ಪ."

ಎರಡನೆಯದು ಕಪ್ಪಗೆ, ಮೆತ್ತಗೆ, ಅಂಗೈಯಗಲಕ್ಕೆ ಮಡಚಿಕೊಳ್ಳುವಂಥದ್ದು. ಬೆಲೆಯೂ ಕೈಗೆಟುಕುವಷ್ಟೇ. ಹಾಕಿಕೊಂಡಳು. ಹಾಡುವ ಹುಡುಗಿ ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಕೆಳಗೆ ಮಾತ್ರ ಬರೀ ಬಯಲು. ಹಾಡಿನಲ್ಲಿ ಮಗಳು ನಿಜಕ್ಕೂ ಇಲ್ಲವೇ ಇಲ್ಲವೇನೋ, ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅಂದದ್ದು ಸರಿಯೇ ಏನೋ ಎಂದು ಇಸ್ತ್ರಿಯಮ್ಮ ಹೆದರಿದಳು.

ಮಾರುವವನು ಗಾಜಿನ ಕಪಾಟಿನಿಂದ ದುಬಾರಿಯದೊಂದನ್ನು ತೆಗೆದ. ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡಳು.

"ಬೇಡ. ಅದರಲ್ಲಿ ಕೇಳಿಸಿಬಿಟ್ರೆ ಏನು ಮಾಡ್ಲಿ? ಸಿಕ್ಕಿದ ಮಗಳನ್ನ ಇಲ್ಲೇ ಬಿಟ್ಟು ಹೋಗ್ಲಾ?"

ಅವನು ದುಬಾರಿಯದನ್ನು ಕಪಾಟಿಗೆ ಸೇರಿಸಿದ. ಅವಳ ಮುಖ ನೋಡಿದ, ಕಿವಿ ನೋಡಿದ.

"ಅಮ್ಮಾ, ಓಲೆ ತೆಗೀರಿ."

"ಯಾಕಪ್ಪಾ, ಅಡ ಇಟ್ಕೋತೀಯಾ?"

"ಅಯ್ಯೋ ಅಲ್ಲಮ್ಮಾ! ಮೆತ್ತೆ ಕಿವಿ ಸುತ್ತ ಸರಿಯಾಗಿ ಕೂತಿಲ್ಲ. ಓಲೆಯಿಂದ ಸಂದು ಬಿದ್ದಿದೆ. ಸಂದು ಇದ್ರೆ ಮೊದಲು ಸೋರಿಹೋಗೋದೇ ಬೇಸ್. ನಿಮ್ಮ ಮಗಳು ಹೊರಗೆ ಸೋರ್ತಿದ್ದಾಳೆ."

ಓಲೆ ಬಿಚ್ಚಿದಳು. ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು. ಅದೇ ಕಪ್ಪು ಹೆಡ್‌ಫೋನನ್ನು ಅವನು ಎರಡೂ ಕೈಯಿಂದ ನೆಟ್ಟಗೆ ಕೂರಿಸಿದ.

ಹಾಡಿಗೆ ನೆಲ ಬಂತು.

ಅಷ್ಟು ಹೊತ್ತು ಗಾಳಿಯಲ್ಲಿ ನೇತಾಡುತ್ತಿದ್ದ ದನಿಗಳೆಲ್ಲ ಒಮ್ಮೆಲೇ ಕಾಲೂರಿ ನಿಂತವು. ಅವುಗಳ ಕೆಳಗೆ ಯಾರೋ ನಡೆಯುತ್ತಿದ್ದರು. ಅವಸರವಿಲ್ಲ, ಅಳುಕಿಲ್ಲ. ಹಾಡುವ ಹುಡುಗಿ ಮೇಲೆ ಹೋದರೆ ಈ ದನಿ ಕೆಳಗಿಳಿದು ಅವಳನ್ನು ಹೊತ್ತಿತು. ಡ್ರಮ್ಮು ಓಡಿದರೆ ಇದು ಹಿಡಿದು ನಿಲ್ಲಿಸಿತು. ಒಂದು ಕಡೆ ಎಲ್ಲರೂ ಸುಮ್ಮನಾದಾಗ ಇದೊಂದೇ ನಡೆದುಹೋಯಿತು, ದುಂಡಗೆ, ಬೆಚ್ಚಗೆ. ಇಸ್ತ್ರಿಯಮ್ಮನ ಮೈ ಜುಮ್ಮೆಂದಿತು. ಇವಳೇ! ಕೇಳಿದ್ದಕ್ಕೆ ಒಂದು ಗಳಿಗೆ ತಡೆದು ಉತ್ತರ ಕೊಡುವ ತನ್ನ ಮಗಳು ಇಲ್ಲಿಯೂ ಹಾಗೇ ಒಂದು ಗಳಿಗೆ ತಡೆದು ಹೆಜ್ಜೆ ಇಡುತ್ತಿದ್ದಳು. ಇಷ್ಟು ದೊಡ್ಡದನ್ನು ಹೊರುವವಳು ತನ್ನ ಮನೆಯಲ್ಲಿದ್ದಾಳೆ, ತಟ್ಟೆಗೆ ಅನ್ನ ಬಡಿಸಿಕೊಂಡು ತಿನ್ನುತ್ತಾಳೆ, ತನಗೆ ಗೊತ್ತೇ ಇರಲಿಲ್ಲವಲ್ಲ! ಕಣ್ಣು ತುಂಬಿಬಂತು. ಹಾಡು ಮುಗಿಯಿತು, ಮತ್ತೆ ಹಾಕಿಸಿದಳು. ಮತ್ತೂ ಹಾಕಿಸಿದಳು. ಮಾರುವವನು ಬೇರೆ ಗಿರಾಕಿಯನ್ನು ಸನ್ನೆಯಲ್ಲೇ ಕಾಯಿಸಿದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಕೇಳಿದಳು. ಮನೆಗೆ ಬಂದಾಗ ಮಗಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು.

"ಕೇಳಿಸ್ತು ಕಣೇ" ಎಂದಳು ತಾಯಿ.

"ಸಮಾಧಾನಕ್ಕೆ ಹೇಳ್ಬೇಡಮ್ಮ."

ಸಂಗೀತದ ಮಾತು ಇಸ್ತ್ರಿಯಮ್ಮನಿಗೆ ಒಂದೂ ಬಾರದು. ಮೇಜಿನ ಮೇಲೆ ಅಂಗೈಯಿಂದ ತಟ್ಟತೊಡಗಿದಳು. ಧುಂ, ತಡೆದು ಧುಂ ಧುಂ, ಮತ್ತೆ ಧುಂ. ಎಲ್ಲರೂ ಸುಮ್ಮನಾಗುವ ಕಡೆ ಬಂದಾಗ ತಾನೂ ಮೆಲ್ಲಗೆ ತಟ್ಟಿದಳು. ಮಗಳ ಚಾಕು ನಿಂತಿತು.

"ಅಲ್ಲೊಂದು ಬಿಟ್ಟೆ ನೀನು. ಅಲ್ಲಿ ಎರಡು ಬರುತ್ತೆ" ಎಂದಳು ಮಗಳು, ತನಗರಿವಿಲ್ಲದೆ.

"ಇಲ್ಲ, ಒಂದೇ."

"ನುಡಿಸಿದವಳು ನಾನಮ್ಮ!"

"ನುಡಿಸಿದ್ದು ನೀನು, ಕೇಳಿದ್ದು ನಾನು. ಬೇಕಾದ್ರೆ ನೋಡು."

ಮಗಳು ಕೈ ಒರೆಸಿಕೊಂಡು ಹೆಡ್‌ಫೋನ್ ಹಾಕಿಕೊಂಡಳು. ಕಣ್ಣು ಮುಚ್ಚಿ ಕೇಳಿದಳು. ಆ ಜಾಗ ಬಂದಾಗ ಕಣ್ಣು ತೆರೆದು ತಾಯಿಯನ್ನೇ ನೋಡಿದಳು.

"ಹೌದಲ್ಲಮ್ಮ. ಒಂದು ಬಿಟ್ಟುಹೋಗಿದೆ. ತಂಡದಲ್ಲಿ ಯಾರಿಗೂ ಗೊತ್ತಾಗಿಲ್ಲ."

"ಅವತ್ತು ನಕ್ಕಿದ್ದು ನಂದೇ ತಪ್ಪು, ಪುಟ್ಟಿ" ಎಂದಳು ಇಸ್ತ್ರಿಯಮ್ಮ.

ಮಗಳು ಒಂದು ಗಳಿಗೆ ತಡೆದು ಫೋನು ತೆಗೆದು ತಂಡದ ಡ್ರಮ್ಮಿನವನಿಗೆ ಕರೆ ಮಾಡಿದಳು.

"ನಾಳೆ ಎಷ್ಟು ಹೊತ್ತಿಗೆ ಸೇರೋದು? ಆ ಹಾಡು ನಾನು ಇನ್ನೊಂದ್ಸಲ ನುಡಿಸ್ಬೇಕು."

ಅವನು ಯಾಕೆಂದು ಕೇಳಿರಬೇಕು.

"ನಮ್ಮಮ್ಮನಿಗೆ ಎಲ್ಲಾ ಕೇಳಿಸುತ್ತೆ ಕಣೋ" ಎಂದಳು ಮಗಳು.